ಟಪಾಲಿನಲ್ಲಿ ಹೋಗದ್ದು

ರಾತ್ರಿ ಪಾಳಿ. ಟುಲೇರಿ ಅಂಚೆಮನೆಯ ಹಿಂಬದಿ.
ನನ್ನ ಮೇಜಿನ ಮೇಲೆ ಈ ವಾರ ಬಂದದ್ದು:
ಜಾಲರಿ ಪೆಟ್ಟಿಗೆಯಲ್ಲಿ ಗುಂಯ್ಗುಡುವ ಜೇನುಹುಳ,
ತೂತು ಕೊರೆದ ರಟ್ಟಿನೊಳಗೆ ಒಂದೇ ದಿನದ ಕೋಳಿಮರಿ ನೂರು
(ಹೊಟ್ಟೆಯಲ್ಲಿನ್ನೂ ಮೊಟ್ಟೆಯ ಹಳದಿ ಇರುತ್ತದಲ್ಲ,
ಎರಡು ಮೂರು ದಿನ ಕಾಳುನೀರು ಕೇಳುವುದಿಲ್ಲ),
ಮತ್ತೆ, ಚೀಟಿ ಅಂಟಿಸಿದ ಯಾರದೋ ಅಜ್ಜನ ಬೂದಿ.
ತೂಗಿದೆ. ಅಜ್ಜ ಎರಡೂವರೆ ಕಿಲೋ.
ಎಲ್ಲಕ್ಕೂ ಮುದ್ರೆ ಒತ್ತಿ ಮುಂದಕ್ಕೆ ತಳ್ಳಿದೆ.

ನನ್ನ ಅಡೆಲಿನೋನದು ಮಾತ್ರ ಹೋಗುವುದಿಲ್ಲ.

ಕೇಳಿದ್ದು ಒಂದು ಸಣ್ಣ ಡಬ್ಬಿ, ತಿರುಪಿನ ಮುಚ್ಚಳದ್ದು.
ಒಂದು ರಾತ್ರಿಯ ಟಪಾಲು, ಖರ್ಚು ನನ್ನದೇ.
ಕಾವಲಿನವನ ಕಾಲುಗಂಟೆಗೂ ಕೂಲಿ ಕಟ್ಟುತ್ತೇನೆಂದು ಬರೆದೆ.
ಜೈಲಿನ ಉತ್ತರ ಅರ್ಧ ಪುಟ:
ಕೈದಿ ಕಾಗದ ಕಳಿಸಬಹುದು,
ತಾನೇ ಬರೆದ ಚಿತ್ರ ಕಳಿಸಬಹುದು,
ದ್ರವ ಕಳಿಸುವಂತಿಲ್ಲ.

ದ್ರವ!

ಮೂವತ್ತೆಂಟು ವರ್ಷ ಅವನಿಗೆ. ಹತ್ತು ಕಳೆದಿದೆ.
ನನಗೆ ನಲವತ್ತೊಂದು.
ಕೂಡಿದರೂ ಕಳೆದರೂ, ಯಾವ ತುದಿಯಿಂದ ಎಣಿಸಿದರೂ
ಅಂದು ಓದಿದ ತೀರ್ಪಿನಲ್ಲಿ ನನ್ನ ಹೆಸರಿರಲಿಲ್ಲ,
ಶಿಕ್ಷೆ ಇತ್ತು.

ಅವನು ಮಾಡಿದ್ದು ಮಾಡಿದ್ದೇ. ಇಲ್ಲವೆನ್ನಲಾರೆ.
ಸತ್ತವನ ತಾಯಿ ಅಂಗಡಿಯಲ್ಲಿ ಸಿಗುತ್ತಾಳೆ ಒಮ್ಮೊಮ್ಮೆ;
ಹಾಲಿನ ಕಪಾಟಿನಿಂದ ಸೋಪಿನ ಸಾಲಿಗೆ ಸರಿಯುತ್ತೇನೆ.
ಅವಳಿಗೂ ಒಬ್ಬನೇ ಮಗ.
ಅವಳ ಗಾಡಿಯಲ್ಲೂ ನನ್ನ ಗಾಡಿಯಲ್ಲೂ
ಒಬ್ಬರಿಗೆ ಸಾಲುವಷ್ಟೇ ಸಾಮಾನು.

ಮೈದುನ ಟಿಬುರ್ಸಿಯೋನ ದನದ ಫಾರ್ಮಿಗೆ
ಹೊಗೆಯಾಡುವ ಉಕ್ಕಿನ ಗಡಿಗೆ ಬರುತ್ತದೆ ಲಾರಿಯಲ್ಲಿ.
ಇಕ್ಕಳದಲ್ಲಿ ಒಂದು ಕಡ್ಡಿ ಎತ್ತಿ ತೋರಿಸಿದ:
"ವಿಸ್ಕಾನ್ಸಿನ್ನಿನ ಬೀಜದ ಹೋರಿ, ಅತ್ತಿಗೆ.
ಸತ್ತು ಆರು ವರ್ಷ. ಈ ತಿಂಗಳು ಹದಿನಾಲ್ಕು ಕರು."
ಹುಟ್ಟಿದಂದಿನಿಂದ ಸಾಯುವವರೆಗೆ
ಅದೂ ಕಂಬಿಯ ಹಿಂದೆಯೇ ಇದ್ದದ್ದು.
ಏನು ತಪ್ಪು ಮಾಡಿತ್ತೋ, ಯಾರೂ ಕೇಳಲಿಲ್ಲ.

ಅತ್ತೆ ಒಂದು ದಿನ ಅವರೆ ಸುಲಿಯುತ್ತ,
ತಲೆ ಎತ್ತದೆ, ಅಂದರು:
ಅಣ್ಣನದಾದರೇನು, ತಮ್ಮನದಾದರೇನು, ರಕ್ತ ಒಂದೇ.
ಮೂರು ತಿಂಗಳು ಆ ಮಾತನ್ನು ಯಾರೂ ಮುಟ್ಟಲಿಲ್ಲ.
ಆಮೇಲೆ ಫ್ರೆಸ್ನೋಗೆ ಹೋದೆವು, ಅವನೇ ಗಾಡಿ ಓಡಿಸಿದ,
ದಾರಿಯುದ್ದಕ್ಕೂ ಹತ್ತಿಯ ಬೆಲೆ ಮಾತಾಡಿದ.

ಕ್ಲಿನಿಕ್ಕಿನ ಫಾರಮ್ಮು ಒಂಬತ್ತು ಪುಟ.
ಹಚ್ಚೆ ಹಾಕಿಸಿದ್ದಿರಾ, ಸೂಜಿ ಚುಚ್ಚಿಕೊಂಡಿದ್ದಿರಾ,
ಕಳೆದ ಹನ್ನೆರಡು ತಿಂಗಳಲ್ಲಿ
ಎಪ್ಪತ್ತೆರಡು ಗಂಟೆಗೆ ಮೀರಿ, ಒಂದೇ ಸಮನೆ,
ಜೈಲಿನಲ್ಲಿದ್ದಿರಾ?

ಟಿಬುರ್ಸಿಯೋ ಬೆರಳು ಮಡಚಿ ಎಣಿಸಿದ.
ಕಟ್ಟದ ದಂಡ, ರದ್ದಾದ ಲೈಸೆನ್ಸು.
ಶುಕ್ರವಾರ ಸಂಜೆ ಒಳಗೆ, ಮಂಗಳವಾರ ಬೆಳಗ್ಗೆ ಹೊರಗೆ.
"ಎಂಬತ್ತಾರು," ಅಂದ. ಸುಳ್ಳು ಹೇಳಲು ಬಾರದವನು.

ನರ್ಸ್ ಮೈ ಯಿಯಾ ಪೆನ್ನಿನ ಟೋಪಿ ಮುಚ್ಚಿದಳು, ಮೆಲ್ಲಗೆ.
"ತಪ್ಪು ಮಾಡಿದ್ದಕ್ಕಲ್ಲ, ಅಲ್ಲಿನ ಸೋಂಕಿಗೆ ಅಷ್ಟೆ.
ವರ್ಷ ಕಳೆದು ಬನ್ನಿ."
ಹಾಗಾದರೆ ಸೂತಕ.
ಸತ್ತವರ ಮನೆಗೂ ಅಷ್ಟು ದಿನ ಇಲ್ಲ.

ಎರಡೇ ಅಪ್ಪುಗೆ ಭೇಟಿಯ ಕೋಣೆಯಲ್ಲಿ,
ಬಂದಾಗ ಒಂದು, ಹೊರಡುವಾಗ ಒಂದು.
ನಡುವೆ ಮೇಜು. ಅವನು ತಮ್ಮನ ವಿಷಯ ಕೇಳಲಿಲ್ಲ.
ನಾನು ಹೇಳಿರಲೇ ಇಲ್ಲ, ಆದರೂ ಕೇಳಲಿಲ್ಲ.
ಎಂದಿನಂತೆ ಕೇಳಿದ್ದು:
"ಈ ವಾರ ಏನು ಬಂತು ನಿನ್ನ ಮೇಜಿಗೆ?"

ಕೋಳಿಮರಿ, ಅಂದೆ.
ನೂರು ಅಂತ ಬರೆದಿರುತ್ತಾರೆ, ಒಳಗೆ ನೂರೊಂದು.
ದಾರಿಯಲ್ಲಿ ಒಂದು ಹೋಗಬಹುದೆಂದು
ಲೆಕ್ಕಕ್ಕಿಲ್ಲದ್ದೊಂದು ಸೇರಿಸಿರುತ್ತಾರೆ.

"ಹೋಗಿತ್ತಾ?"

ತೂತಿಗೆ ಕಣ್ಣಿಟ್ಟು ಎರಡು ಸಲ ಎಣಿಸಿದೆ,
ನಿಲ್ಲುವುದೇ ಇಲ್ಲ ಅವು, ಒಂದರ ಮೇಲೊಂದು.
ಎರಡನೆಯ ಸಲ ನೂರೊಂದು ಬಂತು.

ಸಮಯವಾಯಿತು, ಎಂದ ಕಾವಲಿನವನು.