ಹೊರಗಿನ ಪಾತ್ರೆಗೆ ಒಂದು ಲೋಟ ನೀರು

ತೈನಾನಿನ ಈ ಸಂದಿಯಲ್ಲಿ ನನ್ನ ಕಸುಬು ಹಲ್ಲು ಕಟ್ಟುವುದು.
ಬೆಳಗಿನಿಂದ ಕಂಡವರ ದವಡೆಯ ಅಚ್ಚುಗಳು
ಮೇಜಿನ ಮೇಲೆ ಬಾಯಿ ತೆರೆದು ಕೂತಿರುತ್ತವೆ,
ಬಡಿಸುವವರು ಇನ್ನೂ ಬಂದಿಲ್ಲವೆಂಬಂತೆ.

ನನ್ನ ಊಟ ಹನ್ನೊಂದು ವರ್ಷ
ಆ-ಗ್ಯೋಕ್ ಅಕ್ಕನ ಅಂಗಡಿಯಲ್ಲಿ.
ಕೋಣೆಗೆ ಅಡುಗೆಮನೆ ಇರಲಿಲ್ಲ. ಇದ್ದೊಂದು ಹಲಗೆಯ ಮೇಲೆ
ಕರೆಂಟು ಬಿಲ್ಲು, ಸತ್ತ ಬ್ಯಾಟರಿ, ಒಂದೇ ಒಂದು ಚಮಚ.
ಅವಳಿಗೆ ನನ್ನ ಹೆಸರು ಗೊತ್ತಿಲ್ಲ. ಸ್ಕೂಟರ್ ನಿಲ್ಲಿಸುವಾಗಲೇ
ಒಳಕ್ಕೆ ಕೂಗುತ್ತಿದ್ದಳು:
"ಸಣ್ಣ ಬಟ್ಟಲು, ಕೊತ್ತಂಬರಿ ಬೇಡ!"
ಹನ್ನೊಂದು ವರ್ಷ ನಾನು ಅಷ್ಟೇ ಆಗಿದ್ದೆ.

ಆಮೇಲೊಬ್ಬಳು ಮುದುಕಿ ಬಂದಳು.
ಹೊಸ ಹಲ್ಲು ಹಾಕಿಕೊಂಡು, ಕನ್ನಡಿ ಕೊಟ್ಟರೂ ನೋಡದೆ,
ಚೀಲದಿಂದ ಡಬ್ಬಿ ತೆಗೆದು
ತಾನೇ ಹುಳಿ ಬರಿಸಿದ ಸಾಸಿವೆಸೊಪ್ಪಿನ ದಂಟು
ಕರುಂ ಎಂದು ಕಡಿದಳು.
"ಹ್ಞಾಂ. ಇದನ್ನು ಕಡಿದರೆ ಹಲ್ಲು."
ಬೆರಳು ಚೀಪುತ್ತ ಕೇಳಿದಳು:
"ನಿನ್ನ ಮನೆಯಲ್ಲಿ ಏನು ಮಾಡುತ್ತೀರಪ್ಪ?"
ಅವಳ ಕೆಳದವಡೆಯ ಅಂಚು ಉಜ್ಜುವ ನೆಪದಲ್ಲಿ
ತಲೆ ತಗ್ಗಿಸಿದೆ. ಉಜ್ಜಲು ಏನೂ ಇರಲಿಲ್ಲ.

ಗುಜರಿಯಲ್ಲಿ ಸಿಕ್ಕಿತು, ಹಸಿರು ಬಣ್ಣದ ಕರೆಂಟು ಪಾತ್ರೆ.
ಒಳಗಿನದಕ್ಕೆ ಅಕ್ಕಿ, ಹೊರಗಿನದಕ್ಕೆ ಒಂದು ಲೋಟ ನೀರು;
ಹೊರಗಿನ ನೀರು ಆರಿದಾಗ ಗುಂಡಿ ಟಕ್ಕೆಂದು ಹಾರುತ್ತದೆ.
ಮೊದಲ ದಿನ ಹೊರಗಿನ ನೀರು ಮರೆತೆ.
ಅಕ್ಕಿ ಅಕ್ಕಿಯಾಗಿಯೇ ಉಳಿಯಿತು.
ಮರುದಿನ ಹೂಮೀನು ಸೀಳುವಾಗ ಪಿತ್ತ ಒಡೆದು
ಶುಂಠಿಯ ಸಾರೆಲ್ಲ ಕಹಿ.
ತಿಂದೆ. ಯಾರಿಗೆ ದೂರುವುದು?
ದುಡ್ಡು ಕೊಟ್ಟು ಗೊಣಗುವ ಸುಖವೂ ಹೋಯಿತು.

ಒಂದು ತಿಂಗಳು ಬಳಸುದಾರಿ ಹಿಡಿದೆ,
ದೇವಸ್ಥಾನದ ಹಿಂದಿನಿಂದ, ಟೈರಿನಂಗಡಿ ಸುತ್ತಿ,
ಸಾಲ ಇಟ್ಟುಕೊಂಡವನ ಹಾಗೆ.
ಒಂದು ಪೈಸೆ ಬಾಕಿ ಇಲ್ಲ. ಆದರೂ.

ಸಿಕ್ಕೇಬಿದ್ದೆ, ನಸುಕಿನ ಮೀನು ಮಾರುಕಟ್ಟೆಯಲ್ಲಿ.
"ಬೇರೆ ಅಂಗಡಿಯೋ?"
"ಅಲ್ಲ, ಮನೆಯಲ್ಲೇ."
"ಮದುವೆಯಾಯಿತೇ?"
"ಇಲ್ಲ."
"ಡಾಕ್ಟರು ಹೇಳಿದರೇ?"
"ಇಲ್ಲಕ್ಕ, ಸುಮ್ಮನೆ."
ಸುಮ್ಮನೆ ಎಂಬುದನ್ನು ಅವಳು ಸ್ವಲ್ಪ ಹೊತ್ತು ತೂಗಿದಳು.
ಆಮೇಲೆ ನನ್ನ ಕೈಯ ಮೀನಿನ ಕಿವಿರು ಹೆಬ್ಬೆರಳಲ್ಲಿ ಎತ್ತಿ
"ಇದು ನಿನ್ನೆಯದು" ಎಂದು ವಾಪಸು ಎಸೆದು,
ಬೇರೊಂದು ಆರಿಸಿಕೊಟ್ಟಳು.

ಅಂಗಡಿ ಮುಚ್ಚಿದ ಮೇಲೆ ತಾನು ತಣ್ಣನ್ನಕ್ಕೆ
ಸೋಯಾ ಸುರಿದುಕೊಂಡು ನಿಂತೇ ತಿನ್ನುವುದಂತೆ.
ಸಾರಿನ ವಾಸನೆ ಮೂಗಿನಿಂದ ಹೋಗುವುದೇ ಇಲ್ಲವಂತೆ.
ಇದನ್ನು ಮೂಲಂಗಿಯ ಬೆಲೆ ಹೇಳುವಂತೆ ಹೇಳಿದಳು.

ಮೀನಿನವನು ಪುಕ್ಕಟೆಯ ಕೊತ್ತಂಬರಿ ಕಟ್ಟೊಂದು
ನನ್ನ ಚೀಲಕ್ಕೆ ತುರುಕಿದ.
ಅವಳು ಕೈಹಾಕಿ ಅದನ್ನು ತೆಗೆದು ತನ್ನ ಬುಟ್ಟಿಗೆ ಹಾಕಿಕೊಂಡಳು:
"ಇವನಿಗೆ ಇದು ಬೇಡ."

ಸ್ಕೂಟರಿನ ಮೇಲೆ ಕೂತು ಯೋಚಿಸಿದೆ:
ಮೊದಲ ದಿನ ಯಾಕೆ ಬೇಡ ಎಂದಿದ್ದೆ?
ಜ್ವರವಿತ್ತೋ, ಜಂಬವೋ, ಪಕ್ಕದವನು ಹಾಗೆಂದನೋ.
ಮರಳಿ ಹೋಗಿ ಒಂದು ಕಟ್ಟು ಕೊಂಡೆ, ಕಳ್ಳನ ಹಾಗೆ.

ಈಗ ಸಾರು ಕುದಿಯುತ್ತಿದೆ.
ಸಣ್ಣಗೆ ಹೆಚ್ಚಿ, ಒಂದು ಚಿಟಿಕೆ ನಾಲಗೆಯ ಮೇಲಿಟ್ಟು
ಕಣ್ಣು ಮುಚ್ಚಿ ಅಗಿದೆ.

ಇಲ್ಲ.
ಬೇಡವೇ ಸರಿ.

ಟಕ್.