ನಾಲ್ಕನೇ ಜ್ವರ

ರಾತ್ರಿ ಒಂಬತ್ತೂವರೆಗೆ ಗೋಡೆಗೆ ಬಿದ್ದದ್ದು ಸ್ಟೀಲ್ ತಟ್ಟೆ,
ಅದರ ಹಿಂದೆ ಮುದ್ದೆ, ಅದರ ಹಿಂದೆ ಲಾಸ್ಯಳ ಕೂಗು.
ಫೋನು ಕಿತ್ತುಕೊಂಡದ್ದೇ ನೆಪ.
ಅವಳಮ್ಮ ಸಾರು ಒರೆಸುತ್ತ ನನ್ನನ್ನು ನೋಡಿದಳು.
ನಮ್ಮವ್ವ ಒಳಮನೆಯಿಂದ ತೆಲುಗಲ್ಲಿ ಗದರಿದಳು: ಪಂಡುಕೋವೇ!
ನಾನೂ ಕೂಗಿದೆ. ಕೈ ಎತ್ತಿದೆ.
ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ
ಮೊಳೆಗೆ ನೇತುಹಾಕಿದ್ದ ಬ್ಯಾಟರಿ ತೆಗೆದುಕೊಂಡೆ.

"ಬಾ, ಹುಳ ನೋಡೋಣ."

ಬಂದಳು, ಬಿಕ್ಕುತ್ತ, ಕೈ ಹಿಡಿಯದೆ,
ಮೂರು ಹೆಜ್ಜೆ ಹಿಂದೆ, ನನ್ನದೇ ಚಪ್ಪಲಿ ಎಳೆದುಕೊಂಡು.

ನಿನ್ನೆ ತನಕ ಹುಳುಮನೆಯಲ್ಲಿ ಸೋನೆ ಹಿಡಿದಂತೆ ಸದ್ದು,
ಹಾಕಿದಷ್ಟೂ ಸೊಪ್ಪು ಗಳಿಗೆಯಲ್ಲಿ ಬರೀ ದಂಟು.
ಇವತ್ತು ಸದ್ದಿಲ್ಲ.
ಸುಣ್ಣದ ಪುಡಿ ಚೆಲ್ಲಿದ ಹಾಸಿನ ಮೇಲೆ
ಸಾವಿರ ಸಾವಿರ ಹುಳ ತಲೆ ಎತ್ತಿ ನಿಂತಿವೆ,
ಬಸ್ಸು ಕಾಯುವವರ ಹಾಗೆ.

"ಸತ್ತೋದ್ವಾ?"
"ಇಲ್ಲ. ಜ್ವರಕ್ಕೆ ಕೂತಿವೆ. ನಾಲ್ಕನೇ ಜ್ವರ."
"ಮಾತ್ರೆ ಕೊಡಲ್ವಾ?"
ನಗು ಬಂತು, ತಡೆದೆ.
"ಮೈ ಬೆಳೀತು, ಚರ್ಮ ಸಾಲ್ತಿಲ್ಲ. ಅದಕ್ಕೇ ತಿನ್ನಲ್ಲ, ಆಡಲ್ಲ.
ಹಳೇದು ಬಿಚ್ಚೋ ತನಕ ಮುಟ್ಟಬಾರದು."
"ನೋಯುತ್ತಾ?"

ಹದಿನೈದು ವರ್ಷದಿಂದ ಹುಳ ಮೇಯಿಸುತ್ತಿದ್ದೇನೆ,
ಇದನ್ನು ಯಾರೂ ಕೇಳಿರಲಿಲ್ಲ.
"ಗೊತ್ತಿಲ್ಲ ಕಣಮ್ಮ" ಅಂದೆ.

ಬ್ಯಾಟರಿ ಆರಿಸಿದೆ.
ಸೊಪ್ಪಿನ ಹಸಿ ವಾಸನೆ, ಸುಣ್ಣದ ಘಾಟು.
ತುಂಬ ಹೊತ್ತಾದ ಮೇಲೆ ಅವಳೇ,
"ನಂಗೂ ಇಲ್ಲಿ ಬಿಗಿ" ಅಂದಳು.
ಎಲ್ಲಿ ಎಂದು ಕಾಣಲಿಲ್ಲ.
ಕತ್ತಲಲ್ಲಿ ತಡಕುತ್ತ ಬಂದ ಪುಟ್ಟ ಕೈ
ನನ್ನ ಬೆರಳನ್ನು ಗಂಟಲ ಕೆಳಗೆ ಇಟ್ಟುಕೊಂಡಿತು.
ಅಲ್ಲಿ ಏನೋ ಓಡುತ್ತಿತ್ತು, ನಿಲ್ಲಿಸಲು ಮರೆತ ರಾಟೆಯಂತೆ.

ಮುಬೀನಾ ಬೇರೆ ಸ್ಕೂಲಿಗೆ ಹೋದಳಂತೆ.
ಹೇಳದೆ. ಸೋಮವಾರವೇ.
ಸ್ಕೂಲ್ ಬಸ್ಸಲ್ಲಿ ಅವಳ ಕಿಟಕಿ ಸೀಟಿನ ಮೇಲೆ ಈಗ
ಮೂರನೇ ಕ್ಲಾಸಿನವನೊಬ್ಬ ಬ್ಯಾಗು ಇಡುತ್ತಾನಂತೆ.
ಇವತ್ತು ಗುರುವಾರ.

ನಾಲಗೆ ತುದಿಗೆ ಬುದ್ಧಿಮಾತು ಬಂದಿತ್ತು:
ಬೇರೆ ಗೆಳತಿಯರಿಲ್ವಾ, ಇಷ್ಟಕ್ಕೆಲ್ಲ ಅಳ್ತಾರಾ.
ಎಲ್ಲ ಹುಳ ಏಳುವ ಮುಂಚೆ ಸೊಪ್ಪು ಹಾಕಿದರೆ
ಏಳದವು ಅದರಡಿ ಸಿಕ್ಕಿ ಸೊರಗುತ್ತವೆ,
ನಮ್ಮಪ್ಪ ಹೇಳುತ್ತಿದ್ದರು.
ಸುಮ್ಮನಿದ್ದೆ. ಕಷ್ಟವಿತ್ತು.

"ಗೂಡು ಕಟ್ಟಿದ ಮೇಲೆ?"
"ಶಿಡ್ಲಘಟ್ಟ ಮಾರ್ಕೆಟ್ಟಿಗೆ."
"ಆಮೇಲೆ?"
ಆಮೇಲಿನದು ಬಿಸಿನೀರು.
ಮುಬೀನಾ ಮನೆಯ ಹಿತ್ತಲಲ್ಲೇ ಕುದಿಯುವುದು.
"ಅದು ಇನ್ನೊಂದಿನ" ಅಂದೆ.
ಮತ್ತೆ ಕೇಳಲಿಲ್ಲ. ಸೊಪ್ಪಿನ ಗೋಣಿಗೆ ಒರಗಿ,
ಗಲ್ಲ ಮೇಲೆತ್ತಿ, ಬಾಯಿ ಒಂದಿಷ್ಟು ತೆರೆದು
ನಿದ್ದೆ ಹೋಗಿದ್ದಳು.

ಎತ್ತಿಕೊಂಡು ಬಂದೆ.
ಚಪ್ಪಲಿಯೊಂದು ಅಂಗಳದಲ್ಲೇ ಉಳಿಯಿತು.

ಬೆಳಗ್ಗೆ ಜಡೆ ಬಿಗಿಯಾಯ್ತೆಂದು ಮತ್ತೆ ರಂಪ.
ನಾನೇನೂ ಹೇಳಿರಲಿಲ್ಲ, ಆದರೂ ಅವಳಮ್ಮ
ಎರಡೂ ಬಿಚ್ಚಿ, ಸಡಿಲವಾಗಿ ಮತ್ತೆ ಹೆಣೆದಳು.
ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯುತ್ತಿತ್ತು.
ಹೊಡೆಯಲಿ.
ಹುಳುಮನೆಯಲ್ಲಿ ಇನ್ನೂ ಅರ್ಧ ಎದ್ದಿರಲಿಲ್ಲ.