ಒಂಬತ್ತನೇ ಬೆಡ್ಡು

ಅಮ್ಮ ಇಪ್ಪತ್ತೆಂಟು ವರ್ಷ ಮುಲುಂಡಿನ ಆಸ್ಪತ್ರೆಯಲ್ಲಿ ಆಯಾ.
ಡೊಂಬಿವಲಿಯ ಚಾಳಿನಲ್ಲಿ ವಾರಿಜಕ್ಕ, ಅಲ್ಲಿ ಎಲ್ಲರಿಗೂ ಮೌಶಿ.
ಯಾರ ಹೆಸರನ್ನೂ ಮನೆಗೆ ತರುತ್ತಿರಲಿಲ್ಲ,
ಬೆಡ್ಡಿನ ನಂಬರು ಮಾತ್ರ:
ಇವತ್ತು ನಾಲ್ಕು ಗಂಜಿ ಕುಡಿಯಿತು,
ಏಳು ರಾತ್ರಿಯಿಡೀ ತಾಯಿಯನ್ನು ಕರೆಯಿತು, ಪ್ರಾಯ ಎಂಬತ್ತು.
ಬಂಗುಡೆಯ ಕಿವಿರು ಕೀಳುತ್ತ ಹೇಳುತ್ತಿದ್ದಳು,
ಕೈ ನಿಲ್ಲಿಸದೆ.

ಈಗ ಅವಳು ಒಂಬತ್ತು.

ಹನ್ನೊಂದು ದಿನದಿಂದ ಯಂತ್ರ ಅವಳ ಎದೆಯನ್ನು
ಎತ್ತುತ್ತದೆ, ಇಳಿಸುತ್ತದೆ,
ಅವಳದಲ್ಲದ ಒಂದು ಲೆಕ್ಕದಲ್ಲಿ.
ಅವಳ ಉಸಿರಿಗೆ ಯಾವಾಗಲೂ ಅವಸರವಿತ್ತು,
ಐದೂ ಐವತ್ತೆರಡರ ಲೋಕಲ್ಲಿನ ಅವಸರ.

ಡಾಕ್ಟರು ಹುಡುಗ, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ.
ಕುರ್ಚಿ ಎಳೆದು ಕೂತ.
ಅಮ್ಮನೇ ಹೇಳಿದ್ದು: ನಿಂತು ಮಾತಾಡಿದರೆ ಭಯವಿಲ್ಲ,
ಕುರ್ಚಿ ಎಳೆದರೆ ಸೆರಗು ಸರಿಮಾಡಿಕೊ.
ಗಂಟಲಲ್ಲಿ ತೂತು ಮಾಡಿ ಕೊಳವೆ ಇಟ್ಟರೆ
ತಿಂಗಳುಗಟ್ಟಲೆ ಹೀಗೇ ಇರಬಹುದು ಅಂದ,
ಕಣ್ಣು ತೆರೆಯುತ್ತಾರೆ ಅಂತ ಹೇಳಲಾರೆ.
ಇಡದಿದ್ದರೆ,
ಎಂದು ಪೆನ್ನಿನ ಮುಚ್ಚಳ ನೋಡಿದ.
ಆಮೇಲೆ ಕೇಳಿದ, ಮೌಶಿಗೆ ಈಗ ಮಾತು ಬಂದರೆ
ಏನು ಹೇಳುತ್ತಾರೆ?

ಅಣ್ಣ ಉಮಾನಾಥನಿಗೆ ಕೂಡಲೇ ನೆನಪಾಯಿತು
ಹದಿನಾಲ್ಕನೇ ಬೆಡ್ಡು.
ಸಾಕೆಂದು ಮಕ್ಕಳು ಬರೆದುಕೊಟ್ಟ ಸಂಜೆಯೇ ಹೋದ ಮುದುಕ.
ಅಮ್ಮ ಉಣ್ಣುತ್ತಿದ್ದವಳು ಬಟ್ಟಲು ದೂಡಿದ್ದಳಂತೆ:
ಇನ್ನೆರಡು ದಿನ ನೋಡಬಹುದಿತ್ತು.
ಪಾದ ಬೆಚ್ಚಗಿತ್ತು. ನಾನೇ ಮುಟ್ಟಿದ್ದೆ.

ನನಗೆ ನೆನಪಿರುವುದು ಎರಡನೇ ಬೆಡ್ಡು.
ಎಪ್ಪತ್ತು ದಿನ ಕೊಳವೆಯಲ್ಲಿದ್ದ ಹೆಂಗಸು, ಬೆನ್ನು ಹುಣ್ಣಾಗಿ,
ಎರಡು ತಾಸಿಗೊಮ್ಮೆ ಅಮ್ಮನೇ ಹೊರಳಿಸಬೇಕು.
ಅವತ್ತು ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದು
ಬಾಗಿಲಲ್ಲೇ ನಿಂತು ಹೇಳಿದ್ದಳು:
ಪ್ರೀತಿ ಅಂತಾರೆ. ಹೊರಳಿಸುವವಳು ನಾನಲ್ವಾ.

ಒಂದೇ ಬಾಯಿ. ಎರಡು ಸಾಕ್ಷಿ.
ನಲ್ಲಸೊಪಾರದಿಂದ ಬಂದ ಶಶಿಕಲಾಳಿಗೆ ಏನೂ ನೆನಪಿಲ್ಲ.
ನಾನು ಸಣ್ಣವಳು, ನನ್ನ ಹತ್ತಿರ ಹೇಳುತ್ತಲೇ ಇರಲಿಲ್ಲ, ಎಂದು
ಅತ್ತಳು. ಅವತ್ತು ಅತ್ತದ್ದು ಅಷ್ಟಕ್ಕೇ.
ಖರ್ಚಿನ ಮಾತಲ್ಲ ಇದು, ಅಂದ ಅಣ್ಣ.
ಯಾರೂ ಖರ್ಚಿನ ಮಾತೆತ್ತಿರಲಿಲ್ಲ.

ಮೂರು ಗಂಟೆಗೆ ಪಾಳಿ ಬದಲಾಯಿತು.
ಹೊಸ ಆಯಾ ಬಂದಳು, ಅಮ್ಮನೇ ಕೆಲಸ ಕಲಿಸಿದ ಹುಡುಗಿ,
ಪರದೆ ಎಳೆದು, ಬಲ ಮಗ್ಗುಲಿಗೆ
ಹೊರಳಿಸಿದಳು.
ಮೌಶಿ, ಜರಾ ಸರಕಾ, ಎಂದದ್ದು ಹೊರಗೆ ಕೇಳಿಸಿತು.

ಕಾಗದ ಬಂದಾಗ ಅಣ್ಣ ನನ್ನ ಕಡೆ ಸರಿಸಿದ:
ನೀನೇ ಹಾಕು, ನಿನ್ನ ಅಕ್ಷರ ಚಂದ.
ಕೊಳವೆ ಬೇಡ, ಎಂದು ಬರೆದೆ. ಸಂಬಂಧ: ಮಗಳು.
ಊರಿನ ವಿಳಾಸ ಕೇಳುವ ಜಾಗ ಖಾಲಿ ಬಿಟ್ಟೆ.

ಎದುರಿನ ಗಾಡಿಯಲ್ಲಿ ಮೂರು ಚಹಾ.
ಸಹಿ ಹಾಕಿದವರು ಚಹಾ ಪೂರ್ತಿ ಕುಡಿಯುವುದಿಲ್ಲ ಕಾಣು,
ಲೋಟ ಎತ್ತುವವರಿಗೆ ಗೊತ್ತಾಗುತ್ತದೆ, ಅನ್ನುತ್ತಿದ್ದಳು ಅಮ್ಮ.
ನಾನು ಕುಡಿದೆ, ತಳದ ಸಕ್ಕರೆಯವರೆಗೆ.
ಒಂದು ವಡಾಪಾವನ್ನೂ ತಿಂದೆ. ಹಸಿವಾಗಿತ್ತು.
ಅಣ್ಣನ ಲೋಟದಲ್ಲಿ ಕೆನೆ ಕಟ್ಟುತ್ತಿತ್ತು.

ಅವನಿಗೆ ಹೇಳಿಲ್ಲ,
ಸಹಿಗೆ ಮುಂಚೆ ಒಳಗೆ ಹೋಗಿ ಚಾದರ ಸರಿಸಿ
ಪಾದ ಮುಟ್ಟಿ ನೋಡಿದ್ದೆ.
ಬೆಚ್ಚಗಿತ್ತು.